ರಾಧಾಬಾಯಿಯ ತವರು

ಅವ್ವನ ಕಥೆ ಹೇಳುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಭಾಲ್ಕಿಯ ನಮ್ಮ ಓಣಿಯಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ. ನೀರಿನ ಸಾಲಿನಲ್ಲಿ ಯಾರಾದರೂ ನನ್ನ ಕೊಡ ಸರಿಸಿದರೆ ಅವರ ಗತಿ ಮುಗಿಯಿತು. ಅವ್ವ ಬೈಯುತ್ತಿದ್ದಳು, ಅಪ್ಪ ನಗುತ್ತಿದ್ದ. ಆ ಸಿಟ್ಟು ಜನ್ಮದಲ್ಲಿ ಒಂದೇ ಒಂದು ಸಲ ಒಳ್ಳೆಯ ಕೆಲಸಕ್ಕೆ ಬಂತು, ಅದು ಈ ಕಥೆಯಲ್ಲಿದೆ. ಅದಕ್ಕೇ ಮೊದಲೇ ಹೇಳಿದೆ.

ನನ್ನ ಅವ್ವ ಮೀರಾಬಾಯಿ ಖಟಕ ಚಿಂಚೋಳಿಯವಳು. ಊರೂರೇ ಮಲಗಿಬಿಟ್ಟ ಆ ದೊಡ್ಡ ಜ್ವರದ ವರ್ಷ, ಅಂದರೆ ಇಂಗ್ಲಿಷಿನ ಹದಿನೆಂಟನೆಯ ಇಸವಿಯಲ್ಲಿ, ಅವಳ ತಂದೆ ಧೊಂಡಿಬಾ, ತಾಯಿ ರಾಧಾಬಾಯಿ ಇಬ್ಬರೂ ಒಂದೇ ವಾರದಲ್ಲಿ ಹೋದರು. ಅಜ್ಜಿಯೂ ಹೋದಳು. ಮನೆಯಲ್ಲಿ ಉಳಿದದ್ದು ಎರಡು ವರ್ಷದ ಅವ್ವ ಮತ್ತು ಅವಳ ಕಾಕಾ, ಅಂದರೆ ಧೊಂಡಿಬಾನ ತಮ್ಮ. ಕಾಕಾ ಆಗ ಇನ್ನೂ ಮೀಸೆ ಮೂಡದ ಹುಡುಗ. ಮುಂದೆ ಅವನಿಗೆ ಮದುವೆಯಾಗಿ ಕಾಕಿ ಶಾಲುಬಾಯಿ ಬಂದಳು. ಅವರಿಗೆ ಮಕ್ಕಳಾಗಲಿಲ್ಲ. ಅವ್ವನನ್ನು ಬೆಳೆಸಿದ್ದು ಕಾಕಿಯೇ. ಊಟಕ್ಕೆ ಕಡಿಮೆ ಮಾಡಲಿಲ್ಲ, ಮಾತಿಗೂ ಕಡಿಮೆ ಮಾಡಲಿಲ್ಲ.

"ನಿಮ್ಮವ್ವ ಎಲ್ಲಿಯಾಕಿ ಅಂತ ಯಾರಿಗೆ ಗೊತ್ತದ? ಬರದಾಗ ಹಾದ್ಯಾಗ ಸಿಕ್ಕಾಕಿ ಇರಬೇಕು," ಎಂದು ಕಾಕಿ ಸಿಟ್ಟು ಬಂದಾಗಲೆಲ್ಲ ಅನ್ನುತ್ತಿದ್ದಳಂತೆ. ಅವಳು ಅಂದದ್ದನ್ನು ಓಣಿಯವರು ಹಿಡಿದುಕೊಂಡರು. ಕಾಕಾನನ್ನು ಕೇಳಿದರೆ ಅವನಿಗೆ ಗೊತ್ತಿದ್ದದ್ದು ಇಷ್ಟೇ: ಅಣ್ಣನ ಮದುವೆಯ ಬಂಡಿಗಳು ಔರಾದ ಕಡೆ ಹೋಗಿದ್ದವು. ಔರಾದ ದಾಟಿದ ಮೇಲೆ? "ನಾ ಬಂಡ್ಯಾಗ ಮಲಗಿಬಿಟ್ಟಿದ್ದೆ ಯವ್ವ," ಅನ್ನುತ್ತಿದ್ದ. ಹೋಗುವಾಗಲೂ ಮಲಗಿದ್ದ, ಬರುವಾಗಲೂ ಮಲಗಿದ್ದ. ಇಂಥವರಿಗೆ ಏನು ಹೇಳಬೇಕು ನೀವೇ ಹೇಳಿ.

ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆದು ತರುವವನು ಸೋದರಮಾವ. ಅವ್ವನ ಮದುವೆಯಲ್ಲಿ ಆ ಜಾಗದಲ್ಲಿ ಪಕ್ಕದ ಮನೆಯವನೊಬ್ಬ ನಿಂತಿದ್ದ. ಗಂಡಿನ ಕಡೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದನ್ನು ಅವ್ವ ಮುಸುಕಿನೊಳಗಿಂದ ನೋಡಿದ್ದಳು. ಅವಳಿಗೆ ಆಗ ಹದಿನಾಲ್ಕು. ಅದು ಅವಳ ಎದೆಯಲ್ಲಿ ಉಳಿದುಬಿಟ್ಟಿತು. ಅವಳಿಗೆ ಅಣ್ಣತಮ್ಮ ಇಲ್ಲ, ಕಾಕಾನ ಕಡೆ ಗಂಡುಮಕ್ಕಳಿಲ್ಲ. ಹಾಗಾಗಿ ನನಗೂ ಮಾವ ಇಲ್ಲ. ನಾನು ದೊಡ್ಡವಳಾದ ದಿನವೇ ಅವ್ವ ಅಪ್ಪನಿಗೆ ಹೇಳಿದ್ದಳು.

"ನನ್ನ ಮಗಳ ಮದಿವ್ಯಾಗ ಬಾಡಗಿ ಮಾವ ನಿಲ್ಲಬಾರದು. ನಮ್ಮವ್ವನ ತವರಮನಿ ಎಲ್ಲಾರ ಇದ್ದೇ ಇರ್ತದ. ನಾ ಹುಡುಕ್ತೇನಿ."

"ಹುಡುಕು," ಅಂದ ಅಪ್ಪ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ನನ್ನ ಅಪ್ಪ ಮಾಣಿಕರಾವ ಭಾಲ್ಕಿಯ ಬಜಾರಿನಲ್ಲಿ ದರ್ಜಿ. ಹೆಂಡತಿಯ ಮಾತಿಗೆ ಇಲ್ಲ ಅಂದವನಲ್ಲ, ಹೌದು ಅಂದು ಎದ್ದವನೂ ಅಲ್ಲ.

ಐವತ್ತಾರನೆಯ ಇಸವಿಯ ನವೆಂಬರದಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸಾಲೆಯಲ್ಲಿ ಪೇಢೆ ಹಂಚಿದರು. ಉರ್ದು ಬೋರ್ಡುಗಳು ಒಂದೊಂದಾಗಿ ಇಳಿದವು. ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿದರು: ಉದಗೀರ, ನಿಲಂಗಾ ಕಡೆಯದು ಮುಂಬಯಿಗೆ, ಜಹೀರಾಬಾದ ಕಡೆಯದು ಆಂಧ್ರಕ್ಕೆ, ಭಾಲ್ಕಿ, ಔರಾದ ಇಲ್ಲಿಗೆ. ಊರು ಹಂಚಿದ ಮೇಲೆ ಕಾಗದ ಹಂಚಬೇಕಲ್ಲ. ನಿಜಾಮರ ಕಾಲದ ಕಾಗದಗಳೆಲ್ಲ ಬೀದರಿನ ದಫ್ತರಖಾನೆಯಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿದ್ದವು. ಆ ಗಂಟಿಗೆ ಬಸ್ತಾ ಅನ್ನುತ್ತಾರೆ. ಬಟ್ಟೆಗಳು ಜೀರ್ಣವಾಗಿದ್ದವು, ಎತ್ತಿದರೆ ಕೈಗೇ ಬರುತ್ತಿದ್ದವು. ಹೊಸ ಬಸ್ತಾ ಹೊಲಿಯುವ ಕೆಲಸ ಬೀದರಿನ ದರ್ಜಿ ಫಕ್ರೋದ್ದೀನನಿಗೆ ಸಿಕ್ಕಿತು. ಅವನು ಅಪ್ಪನ ಹಳೆಯ ಗೆಳೆಯ, ಅರ್ಧ ಕೆಲಸ ಅಪ್ಪನಿಗೆ ಕಳಿಸಿದ.

ನಮ್ಮ ಅಂಗಡಿಯಲ್ಲಿ ಕೆಂಪು ಬಟ್ಟೆಯ ರಾಶಿ ಬಿತ್ತು. ಅವ್ವ ಒಂದು ಬಟ್ಟೆ ಕೈಯಲ್ಲಿ ಹಿಡಿದು ಕೇಳಿದಳು:

"ಇದರಾಗ ಏನ ಕಟ್ತಾರ?"

"ಹಳೇ ಮಿಸಲ ಕಟ್ತಾರ," ಅಂದ ಅಪ್ಪ. ಮಿಸಲು ಅಂದರೆ ಕಡತ. "ಯಾರ ಹೊಲ, ಯಾರ ಪಾಟೀಲಕಿ, ಯಾರು ಸತ್ತರ ಯಾರು ವಾರಸದಾರರು, ಎಲ್ಲಾ."

"ವಾರಸದಾರರು ಅಂದ್ರ ಹೆಣ್ಣಮಕ್ಕಳ ಹೆಸರೂ ಇರ್ತದೇನು?"

ಅಪ್ಪ ಆಗ ಯಂತ್ರ ನಿಲ್ಲಿಸಿದ. ಅವನು ತಲೆ ಎತ್ತಿ ನೋಡಿದ್ದು ಅವತ್ತು.

ಹೊಲಿದ ಬಟ್ಟೆಗಳನ್ನು ರೈಲಿನಲ್ಲಿ ಬೀದರಿಗೆ ಒಯ್ಯುವ ಕೆಲಸ ಅವ್ವನೇ ಹಿಡಿದಳು. ಜತೆಗೆ ನಾನು, ಯಾಕೆಂದರೆ ಅವ್ವನಿಗೆ ಓದು ಬರುತ್ತಿರಲಿಲ್ಲ. ನನಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಉರ್ದು ಇಬ್ಬರಿಗೂ ಇಲ್ಲ. ದಫ್ತರಖಾನೆಯಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದ ಅಧಿಕಾರಿಯೊಬ್ಬರಿದ್ದರು. ಹಣೆಯಲ್ಲಿ ತಿಲಕ, ಮಾತು ಮೆತ್ತಗೆ. ಅವರಿಗೂ ಉರ್ದು ಇಲ್ಲ. ಅವರ ಕೈಕೆಳಗೆ ಹಳೆಯ ಕಾಲದ ಕರೀಮ ಸಾಬ, ಅವರಿಗೆ ಉರ್ದು ಬಿಟ್ಟು ಬೇರೆ ಓದು ಇಲ್ಲ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ನಕಲು ಬೇಕಾದರೆ ಅರ್ಜಿ ಕೊಡಿ ಅಮ್ಮ. ಯಾವ ಊರಿನ ಕಡತ?" ಅಂದರು ಅಧಿಕಾರಿ.

"ಊರು ಗೊತ್ತಿಲ್ರಿ ಸಾಹೇಬರ."

"ಊರಿನ ಹೆಸರು ಇಲ್ಲದೆ ಹೇಗಮ್ಮ ಹುಡುಕೋದು?"

"ಊರು ಹುಡುಕಾಕೇ ಬಂದೇನಲ್ರಿ!" ಅಂದಳು ಅವ್ವ.

ಅವರಿಗೆ ನಗು ಬಂತು, ಆದರೆ ಕಾನೂನು ಬಿಡಲಿಲ್ಲ. ಊರು ತಿಳಿದುಕೊಂಡು ಬನ್ನಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಅವ್ವ ನನ್ನ ತೋಳು ಹಿಂಡಿ ಹೊರಗೆ ಕರೆದುಕೊಂಡು ಬಂದಳು, ಬಜಾರಿನ ವಾಚನಾಲಯ ಎಲ್ಲಿದೆ ಎಂದು ಕೇಳಿಕೊಂಡು ನೆಟ್ಟಗೆ ಅಲ್ಲಿಗೆ ನಡೆದಳು. ಅಲ್ಲಿ ತಾಲೂಕುವಾರು ಹಳ್ಳಿಗಳ ಹೆಸರಿರುವ ಹಳೆಯ ಮರಾಠಿ ಪುಸ್ತಕ ಒಂದಿತ್ತು. ಗಂಡಸರು ಪತ್ರಿಕೆ ಬಿಟ್ಟು ನಮ್ಮನ್ನೇ ನೋಡತೊಡಗಿದರು. ನಾನು ಔರಾದ ಕಡೆಯ ಒಂದೊಂದೇ ಊರಿನ ಹೆಸರು ಓದಿದೆ. ಅವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ಎಳೆತನದಲ್ಲಿ ಕೇಳಿದ ಹೆಸರು ಯಾವುದಾದರೂ ಕಿವಿಗೆ ಬಿದ್ದರೆ ಗುರುತು ಹತ್ತೀತು ಅನ್ನುವ ಆಸೆ. ಎರಡು ವರ್ಷದ ಕೂಸಿಗೆ ಏನು ನೆನಪಿರುತ್ತದೆ? ಪುಸ್ತಕ ಮುಗಿಯಿತು. ಅವ್ವ ಕಣ್ಣು ತೆರೆದು, "ಇನ್ನೊಮ್ಮಿ ಓದು," ಅಂದಳು.

ಇನ್ನೊಮ್ಮೆ ಓದಿದೆ. ಗಂಟಲು ಒಣಗಿತೇ ಹೊರತು ಏನೂ ಆಗಲಿಲ್ಲ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅವ್ವ ಮುಂದಿನ ಸಲ ಬಟ್ಟೆ ಒಯ್ದಾಗ ಕೊಟ್ಟು ಹಿಂತಿರುಗಲಿಲ್ಲ. ಕರೀಮ ಸಾಬರು ಒಬ್ಬರೇ ಧೂಳಿನಲ್ಲಿ ಕೆಮ್ಮುತ್ತ ಹಳೆಯ ಬಸ್ತಾ ಬಿಚ್ಚಿ ಹೊಸದರಲ್ಲಿ ಕಟ್ಟುತ್ತಿದ್ದರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕುಳಿತು ಗಂಟು ಹಾಕತೊಡಗಿದಳು.

"ಅರೆ ಬಾಯಿ, ಇದು ನಿಮ್ಮ ಕೆಲಸ ಅಲ್ಲ," ಅಂದರು ಅವರು.

"ನಮ್ಮ ಮನ್ಯಾಗ ಹೊಲಿದ ಬಟ್ಟಿ ಅದ ಸಾಬ್ರ. ಗಂಟು ಹ್ಯಾಂಗ ಕೂಡ್ತದ ಅಂತ ನೋಡಬೇಕಲ್ಲ."

ಮಧ್ಯಾಹ್ನ ಅವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ಕರೀಮ ಸಾಬರು ಬೇಡ ಬೇಡ ಅನ್ನುತ್ತಲೇ ತಿಂದರು. ಹೀಗೆ ನಾಲ್ಕಾರು ಸಲ ಆಯಿತು. ಅಧಿಕಾರಿ ಬಾಗಿಲಿಗೆ ಬಂದು ನೋಡಿದರು, ಕೆಲಸ ಬೇಗ ಆಗುತ್ತಿರುವುದನ್ನು ಕಂಡು ಸುಮ್ಮನೆ ಹೋದರು. ಕೊನೆಗೆ ಕರೀಮ ಸಾಬರೇ ಕೇಳಿದರು: "ಯಾವ ಸಾಲಿನಾಗ ತೀರಿಕೊಂಡ್ರು ನಿಮ್ಮ ಅಮ್ಮಾ?"

ಜ್ವರದ ವರ್ಷ ಅಂದಳು ಅವ್ವ. ಕರೀಮ ಸಾಬರ ತಂದೆಯೂ ಅದೇ ಜ್ವರದಲ್ಲಿ ಹೋಗಿದ್ದರು. ಅವರು ಕೈಯಲ್ಲಿದ್ದ ಗಂಟು ಕೆಳಗಿಟ್ಟರು. ಆಮೇಲೆ ಹೇಳಿದರು: ಆ ವರ್ಷ ಪಾಟೀಲರು, ಕುಲಕರ್ಣಿಗಳು ಬಹಳ ಮಂದಿ ಸತ್ತರು. ಅವರ ಜಾಗಕ್ಕೆ ಯಾರು ಬರಬೇಕು ಅನ್ನುವ ವಿರಾಸತಿನ ಮಿಸಲುಗಳು ಬಹಳ ಆದವು. ಪ್ರತಿ ಮಿಸಲಿನಲ್ಲಿ ಮನೆತನದ ಒಂದು ವಂಶವೃಕ್ಷ ಬರೆದಿರುತ್ತದೆ, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಇರುತ್ತದೆ. ನಿಮ್ಮ ತಾಯಿ ಅಂಥ ಮನೆಯವಳಾಗಿದ್ದರೆ ಸಿಗಬಹುದು, ಇಲ್ಲದಿದ್ದರೆ ಇಲ್ಲ.

"ನೋಡ್ರಿ," ಅಂದಳು ಅವ್ವ. "ಸಿಗಲಿಲ್ಲ ಅಂದ್ರ ಆಮೇಲೆ ಅಳ್ತೇನಿ."

ಔರಾದ ಕಡೆಯ ಮಿಸಲುಗಳನ್ನು ಹೊಸ ಬಸ್ತಾಕ್ಕೆ ಕಟ್ಟುವಾಗಲೆಲ್ಲ ಕರೀಮ ಸಾಬರು ವಂಶವೃಕ್ಷದ ಹಾಳೆ ತೆಗೆದು ಬೆರಳಾಡಿಸಿ "ರಾಧಾ ಇಲ್ಲ" ಅನ್ನುತ್ತಿದ್ದರು. ಅವ್ವ ಗಂಟು ಹಾಕುತ್ತಿದ್ದಳು. ಒಂದು ದಿನ "ರಾಧಾ!" ಅಂದರು. ನಾನು ಕುಣಿದುಬಿಟ್ಟೆ. ಮರುದಿನವೇ ಅಪ್ಪನನ್ನೂ ಎಬ್ಬಿಸಿಕೊಂಡು ಮೂವರೂ ಬಸ್ಸಿನಲ್ಲಿ ಔರಾದಕ್ಕೆ ಹೋದೆವು, ಆ ಮನೆ ಹುಡುಕಿದೆವು.

ಬಾಗಿಲಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಈ ಮನೆಯ ರಾಧಾ ಅನ್ನುವ ಮಗಳು ಖಟಕ ಚಿಂಚೋಳಿಗೆ ಕೊಟ್ಟವಳೇನು ಎಂದು ಅಪ್ಪ ವಿಚಾರಿಸಿದ.

"ರಾಧಾ ನಾನ ಅದೇನಿ," ಅಂದಳು ಮುದುಕಿ. "ನನಗ ಎಲ್ಲಿಗೂ ಕೊಟ್ಟಿಲ್ಲಪ್ಪ. ಮನಿಅಳಿಯ ಬಂದಿದ್ದ. ಅವನೂ ಹೋದ."

ನಮ್ಮ ಮೋರೆ ನೋಡಿ ಅವಳಿಗೆ ಮರುಕ ಬಂತು. ಊಟ ಮಾಡದೆ ಬಿಡಲಿಲ್ಲ. ಬರುವಾಗ ಸೊಸೆಯಿಂದ ಅವ್ವನ ಹಣೆಗೆ ಕುಂಕುಮ ಹಚ್ಚಿಸಿ, "ನಿಮ್ಮವ್ವ ಸಿಗಲಿಲ್ಲಂದ್ರ ನನಗ ಅವ್ವ ಅಂತ ತಿಳಕೊಂಡು ಬಾ ಯವ್ವ," ಅಂದಳು. ಬಸ್ಸಿನಲ್ಲಿ ಅವ್ವ ಭಾಲ್ಕಿ ಬರುವತನಕ ಕಿಟಕಿಯ ಆಚೆಗೇ ನೋಡುತ್ತಿದ್ದಳು. ಅಪ್ಪ ಮೆಲ್ಲಗೆ, "ಇನ್ನು ಸಾಕು ಬಿಡು," ಅಂದ. ಅವ್ವ ತಿರುಗಿ ನೋಡಿದ ನೋಟಕ್ಕೆ ಅಪ್ಪ ಬಸ್ಸಿನಲ್ಲೇ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಔರಾದ ಕಡೆಯ ಜ್ವರದ ವರ್ಷದ ಪಾಟೀಲಕಿ ಮಿಸಲುಗಳೆಲ್ಲ ಮುಗಿದವು. ಇನ್ನೆರಡು ರಾಧಾ ಸಿಕ್ಕರು. ಒಬ್ಬಳು ಎಳೆಯದರಲ್ಲೇ ಸತ್ತವಳು, ಇನ್ನೊಬ್ಬಳು ಹೈದರಾಬಾದಿಗೆ ಕೊಟ್ಟವಳು. ಕರೀಮ ಸಾಬರು ಕೈ ಚೆಲ್ಲಿದರು. ನಿಮ್ಮ ತಾಯಿ ಪಾಟೀಲರ ಪೈಕಿ ಅಲ್ಲ ಬಾಯಿ, ನಾನೇನು ಮಾಡಲಿ ಅಂದರು. ಅವ್ವ ಅತ್ತದ್ದು ಆಗ ಮಾತ್ರ. ಬೀದರ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಳು. ರೈಲು ಬಂದಾಗ ಮೂಗು ಒರೆಸಿಕೊಂಡು, "ಕುಲಕರ್ಣಿ ಮಿಸಲ ಇನ್ನೂ ನೋಡಿಲ್ಲ ಅವರು," ಅಂದಳು. ನಾವು ಕುಲಕರ್ಣಿಗಳ ಜಾತಿಯೇ ಅಲ್ಲ! ಅದು ಅವಳಿಗೂ ಗೊತ್ತಿತ್ತು.

ಈ ನಡುವೆ ನನ್ನ ಮದುವೆ ಗೊತ್ತಾಯಿತು. ಹುಡುಗ ಶಿವರಾಜ, ಬೀದರಿನವರು, ನಮ್ಮಂತೆಯೇ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಆಡುವವರು. ಲಗ್ನಕ್ಕೆ ಮೂರು ವಾರ ಇರುವಾಗ ಹುಡುಗನ ತಾಯಿ ಸುಭದ್ರಾಬಾಯಿ ಸೀರೆ ತೋರಿಸಲು ಬಂದರು. ಚಹಾ ಆಯಿತು, ಸೀರೆ ಆಯಿತು. ಆಮೇಲೆ ಅವರು ಸಹಜವಾಗಿ ಹೇಳಿದರು:

"ಹುಡುಗಿಗೆ ಹೆಸರು ಏನ ಇಡೂಣು ಅಂತ ನಾವು ವಿಚಾರ ಮಾಡೇವಿ. ಶಿವರಾಜನ ಹೆಸರಿಗೆ ಪಾರ್ವತಿ ಚಲೋ ಕೂಡ್ತದ."

ನಮ್ಮಲ್ಲಿ ಇದು ಹೊಸದಲ್ಲ. ಮದುವೆಯ ದಿನ ಅಕ್ಕಿ ಹರವಿದ ತಾಟಿನಲ್ಲಿ ಹುಡುಗ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಗಂಡನ ಮನೆಯಲ್ಲಿ ಅವಳಿಗೆ ಅದೇ ಹೆಸರು. ಹಳೆಯ ಹೆಸರಿನಿಂದ ಯಾರಾದರೂ ಕರೆದರೆ ಅತ್ತೆಗೆ ಅವಮಾನ. ನನ್ನ ಗೆಳತಿಯರೆಲ್ಲ ನಾಚಿ ತಲೆ ತಗ್ಗಿಸಿ ಒಪ್ಪಿಕೊಂಡವರೇ. ನನಗೆ ಮಾತ್ರ ಸಿಟ್ಟು ಬಂತು. ಪ್ರಮಿಲಾ ಅನ್ನುವ ನನ್ನ ಹೆಸರಿಗೆ ಏನಾಗಿದೆ? ಸಾಲೆಯ ಹಾಜರಿ ಪಟದಲ್ಲಿ ಅದೇ ಇದೆ, ವಾಚನಾಲಯದ ಹಾಜರಿ ಪುಸ್ತಕದಲ್ಲಿ ಅದೇ ಬರೆದು ಬಂದಿದ್ದೇನೆ.

"ನಾ ಹೆಸರು ಬದಲ ಮಾಡೂದಿಲ್ರಿ," ಅಂದೆ.

ಅಪ್ಪ ಸೀರೆ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಯಾಕ ಮಾಡೂದಿಲ್ಲ?" ಅಂದರು ಸುಭದ್ರಾಬಾಯಿ.

ಆಗ ಬಾಯಿಗೆ ಬಂದದ್ದು ಬಂದುಹೋಯಿತು. "ನಾಳಿಗಿ ನಾ ಸತ್ತ ಮ್ಯಾಲ ನನ್ನ ಮಗಳು ಹಿಂಗ ಊರೂರು ತಿರುಗಿ ನನ್ನ ತವರು ಹುಡುಕಿದ್ಲು ಅಂದ್ರ? ಪಾರ್ವತಿ ಅಂತ ಕೇಳಿದ್ರ ಭಾಲ್ಕ್ಯಾಗ ಯಾರು ಹೇಳ್ತಾರ? ನನಗ ಅಲ್ಲಿ ಪಾರ್ವತಿ ಅಂತಿದ್ರು ಅಂತ ಇಲ್ಲಿ ಯಾರಿಗೆ ಗೊತ್ತಿರ್ತದ?"

ಹೊಡೆಯುತ್ತಾಳೆ ಅಂದುಕೊಂಡು ಅವ್ವನ ಕಡೆ ನೋಡಿದೆ. ಅವ್ವ ಕುಂಕುಮದ ಬಟ್ಟಲು ಹಿಡಿದು ನಿಂತಲ್ಲೇ ನಿಂತಿದ್ದಳು. ಬಟ್ಟಲು ಕೆಳಗಿಟ್ಟಳು. ಗೋಡೆ ಹಿಡಿದು ಕುಳಿತಳು.

"ಅಯ್ಯೋ ಶಿವನ," ಅಂದಳು. "ರಾಧಾ ನಮ್ಮಪ್ಪನ ಮನ್ಯಾಗ ಇಟ್ಟ ಹೆಸರು. ಅಕಿ ತವರಾಗ ರಾಧಾ ಇರಲೇ ಇಲ್ಲ."

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಅವ್ವನ ಹೆಸರೇ ಮೊದಲು ಯಮುನಾ ಆಗಿತ್ತು, ಭಾಲ್ಕಿಗೆ ಬಂದ ಮೇಲೆ ಮೀರಾ ಆಯಿತು! ತನ್ನ ಹೆಸರು ಅಕ್ಕಿಯಲ್ಲಿ ಅಳಿಸಿದ್ದನ್ನು ಕಣ್ಣಾರೆ ಕಂಡವಳು ತಿಂಗಳುಗಟ್ಟಲೆ ಧೂಳು ತಿಂದರೂ ತಾಯಿಗೂ ಹಾಗೇ ಆಗಿದ್ದೀತು ಅಂತ ಯೋಚಿಸಿರಲಿಲ್ಲ. ಅವಳ ಮಟ್ಟಿಗೆ ತಾಯಿ ಅಂದರೆ ರಾಧಾಬಾಯಿ, ಬೇರೆ ಏನಾದರೂ ಆಗಿದ್ದಿರಬಹುದೇ? ಅಪ್ಪನಿಗೂ ಹೊಳೆದಿರಲಿಲ್ಲ. ಕರೀಮ ಸಾಬರ ಮನೆತನದಲ್ಲಿ ಈ ಪದ್ಧತಿಯೇ ಇಲ್ಲ, ಅವರಿಗೆ ಹೇಗೆ ಹೊಳೆಯಬೇಕು? ಇಷ್ಟು ಮಂದಿ ಸೇರಿ ಇಲ್ಲದ ಹೆಂಗಸನ್ನು ಹುಡುಕುತ್ತಿದ್ದೆವು.

ಸುಭದ್ರಾಬಾಯಿಗೆ ಎಲ್ಲವನ್ನೂ ಅಪ್ಪ ವಿವರಿಸಿದ. ಅವರು ಮೋರೆ ಗಂಟು ಹಾಕಿಕೊಂಡೇ ಕೇಳಿದರು, ಹೆಸರಿನ ಮಾತು ಆಮೇಲೆ ನೋಡೋಣ ಎಂದು ಹೊರಟರು. ಸಂಬಂಧ ಮುರಿಯಿತೋ ಇಲ್ಲವೋ ಅಂತ ಅಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. ಅವ್ವನಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಮರುದಿನ ಮೊದಲ ರೈಲಿಗೆ ನನ್ನನ್ನು ಎಳೆದುಕೊಂಡು ಹೋದಳು.

"ಸಾಬ್ರ, ನಮ್ಮವ್ವನ್ನ ಹುಡುಕಬ್ಯಾಡ್ರಿ," ಅಂದಳು ದಫ್ತರಖಾನೆಯ ಹೊಸ್ತಿಲಲ್ಲೇ. "ನಮ್ಮಪ್ಪನ್ನ ಹುಡುಕ್ರಿ. ಖಟಕ ಚಿಂಚೋಳಿ ಧೊಂಡಿಬಾ. ಮಗಳನ್ನ ಎಲ್ಲಿಗೆ ಕೊಟ್ಟಾರ ಅಂತ ಬರೆದಿರ್ತಾರೋ ಇಲ್ಲೋ?"

ಕರೀಮ ಸಾಬರು ಹಣೆ ಹೊಡೆದುಕೊಂಡರು. ವಂಶವೃಕ್ಷದ ಹಾಳೆಯಲ್ಲಿ ಹೆಸರು ಮಾತ್ರ ಇರುತ್ತದೆ. ಎಲ್ಲಿಗೆ ಕೊಟ್ಟದ್ದು ಅನ್ನುವುದು ಒಳಗೆ ಬಂಧುಗಳ ಹೇಳಿಕೆಯಲ್ಲಿರುತ್ತದೆ. ರಾಧಾ ಇಲ್ಲದ ಮಿಸಲುಗಳ ಒಳಗಿನ ಹಾಳೆ ಅವರು ತೆರೆದೇ ಇರಲಿಲ್ಲ. ಮತ್ತೆ ಎಲ್ಲ ಬಸ್ತಾ ಬಿಚ್ಚಬೇಕು. ನಮ್ಮವ್ವನೇ ಕಟ್ಟಿದ ಗಂಟುಗಳು, ಎಷ್ಟು ಬಿಗಿಯಾಗಿ ಕಟ್ಟಿದ್ದಳೆಂದರೆ ಬಿಚ್ಚುವಾಗ ನನ್ನ ಉಗುರು ಮುರಿಯಿತು.

ಔರಾದದ ಬಸ್ತಾಗಳಲ್ಲಿ ಸಿಗಲಿಲ್ಲ. ಅವ್ವ ಗೋಡೆಯ ಬಳಿ ಒಟ್ಟಿದ್ದ ಇನ್ನೊಂದು ರಾಶಿ ತೋರಿಸಿದಳು. ಅದು ಉದಗೀರಕ್ಕೆ ಹೋಗುವುದು, ಆ ವಾರವೇ ಲಾರಿ ಬರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ ಅಂದರು ಕರೀಮ ಸಾಬ. ಅವ್ವ ನೇರವಾಗಿ ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತಳು.

"ಸಾಹೇಬರ, ಒಮ್ಮಿ ಲಾರಿ ಹೋತಂದ್ರ ನಮ್ಮವ್ವ ಬ್ಯಾರೆ ರಾಜ್ಯಕ್ಕ ಹೋಗ್ತಾಳ. ಇವತ್ತು ಸಂಜಿತನಕ ಬಿಡ್ರಿ. ಬಿಚ್ಚಿದ್ದೆಲ್ಲಾ ನಾನ ಕಟ್ಟಿ ಕೊಡ್ತೇನಿ."

ಅವರು ಅವ್ವನ ಧೂಳು ಹಿಡಿದ ಕೈ ನೋಡಿದರು. ನನ್ನ ಮುರಿದ ಉಗುರು ನೋಡಿದರು. "ಊರಿನ ಹೆಸರು ಇನ್ನೂ ಗೊತ್ತಾಗಿಲ್ವಾ?" ಅಂದರು. ಆಮೇಲೆ ತಾವೇ ಎದ್ದು ಬಂದು, ಅಂಗಿಯ ತೋಳು ಮಡಚಿ, ಮೊದಲ ಬಸ್ತಾ ಇಳಿಸಿಕೊಟ್ಟರು. ಅವರ ಮೇಲಿನ ನನ್ನ ಹಳೆಯ ಸಿಟ್ಟು ಅಲ್ಲಿಗೆ ಹೋಯಿತು.

ಊಟದ ಹೊತ್ತು ಮೀರಿತ್ತು. ಕರೀಮ ಸಾಬರು ಒಂದು ಹಾಳೆ ಓದುತ್ತ ಓದುತ್ತ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಾಯಿ, ಕೇಳ್ರಿ. ನಿಂಬಳಗಾಂವ ಪಾಟೀಲ ಏಕನಾಥ, ಜ್ವರದಿಂದ ಗುಜರಿಹೋದ. ಮಗ ಮಚ್ಛೇಂದ್ರ, ಆರು ವರ್ಷ. ಉದಗೀರದಾಗಿರೋ ಕಾಕಾ ಅವನ ಪಾಲಕ." ಅದಕ್ಕೇ ಆ ಮಿಸಲು ಉದಗೀರದ ರಾಶಿಗೆ ಬಿದ್ದಿತ್ತು. "ಮಗಳು ಒಬ್ಬಾಕಿ, ಗೋದಾವರಿ. ಖಟಕ ಚಿಂಚೋಳಿ ಧೊಂಡಿಬಾಗೆ ಕೊಟ್ಟದ. ಕರೆ ಕಳಿಸಿದರೂ ಹಾಜರಾಗಿಲ್ಲ."

"ಹ್ಯಾಂಗ ಹಾಜರಾಗ್ತಾಳ?" ಅಂದಳು ಅವ್ವ. "ಅಕಿನೂ ಸತ್ತಿದ್ಲು."

ಮತ್ತೆ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಗೋದಾವರಿ, ಗೋದಾವರಿ ಎಂದು ಬಾಯಲ್ಲೇ ಎರಡು ಮೂರು ಸಲ ಅಂದುಕೊಂಡಳು. ಆಮೇಲೆ ನೆಲಕ್ಕೆ ಕುಳಿತು, ಬಿಚ್ಚಿದ ಬಸ್ತಾಗಳನ್ನೆಲ್ಲ ಒಂದೂ ಬಿಡದೆ ಕಟ್ಟಿಕೊಟ್ಟಳು. ಕೊಟ್ಟ ಮಾತು ಅಂದರೆ ಮಾತು.

ನಿಂಬಳಗಾಂವಕ್ಕೆ ಔರಾದದಿಂದ ಬಂಡಿಯಲ್ಲಿ ಹೋದೆವು. ಮಚ್ಛೇಂದ್ರ ಪಾಟೀಲ ದೊಡ್ಡವನಾದ ಮೇಲೆ ಉದಗೀರದಿಂದ ಬಂದು ತಂದೆಯ ಮನೆಯಲ್ಲೇ ಇದ್ದ. ಅವ್ವನಿಗಿಂತ ನಾಲ್ಕೇ ವರ್ಷಕ್ಕೆ ಹಿರಿಯ, ಎತ್ತರದ ಆಳು, ಮಾತು ಕಡಿಮೆ. ಕಟ್ಟೆಯ ಮೇಲೆ ಕುಳಿತಿದ್ದವನು ನಮ್ಮನ್ನು ಕಂಡು ಎದ್ದ.

"ಯಾರು ಬೇಕಾಗಿತ್ರಿ?"

ದಾರಿಯುದ್ದಕ್ಕೂ ಅವ್ವ ಏನೇನೋ ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಎಲ್ಲ ಮರೆತಳು.

"ನಾ ಗೋದಾವರಿ ಮಗಳ್ರಿ," ಅಂದಳು. "ನನ್ನ ಹೆಸರು ಯಮುನಾ."

ಭಾಲ್ಕಿಯಲ್ಲಿ ಇಟ್ಟ ಮೀರಾ ಅನ್ನುವ ಹೆಸರು ಹೇಳಲೇ ಇಲ್ಲ. ಅವನು ಬಹಳ ಹೊತ್ತು ಅವಳ ಮುಖ ನೋಡಿದ. "ನಮ್ಮ ಮನಿ ಹೆಣ್ಣಮಕ್ಕಳಿಗೆಲ್ಲಾ ಹೊಳಿ ಹೆಸರು," ಅಂದ. "ನಮ್ಮವ್ವ ಭೀಮಾ, ಅಕ್ಕ ಗೋದಾವರಿ. ಅಕಿ ನಿನಗ ಯಮುನಾ ಅಂತ ಇಟ್ಟಾಳ." ಅಷ್ಟು ಹೇಳಿ ಆ ದೊಡ್ಡ ಆಳು ಕಟ್ಟೆಯ ಮೇಲೆ ಕುಸಿದು ಕುಳಿತು ಮಕ್ಕಳಂತೆ ಅತ್ತ.

ಆಮೇಲೆ ಒಂದು ಮಾತು ಹೇಳಿದ. ಅವನಿಗೆ ಹದಿನಾರು ತುಂಬಿದಾಗ ಅಕ್ಕನನ್ನು ಹುಡುಕಿಕೊಂಡು ಉದಗೀರದಿಂದ ಖಟಕ ಚಿಂಚೋಳಿಗೆ ಬಂದಿದ್ದನಂತೆ. ಭಾವನ ಹೆಸರು ಗೊತ್ತಿರಲಿಲ್ಲ, ಹೇಳಬೇಕಾದ ತಾಯಿ, ಉದಗೀರದ ಕಾಕಾ ಇಬ್ಬರೂ ಸತ್ತಿದ್ದರು. ಮನೆ ಮನೆಗೆ ಹೋಗಿ ಗೋದಾವರಿ ಅಂತ ಕೇಳಿದ. ಒಂದು ಮನೆಯಲ್ಲಿ ಹೆಂಗಸೊಬ್ಬಳು, "ಗೋದಾವರಿ ಅನ್ನಾಕಿ ಈ ಊರಾಗ ಯಾರೂ ಇಲ್ಲ ತಮ್ಮ, ಇದ್ದಿದ್ದೂ ಇಲ್ಲ," ಅಂದಳು. ಬಿಸಿಲಿತ್ತು, ನೀರು ಕೇಳಿದ. ಒಂದು ಹುಡುಗಿ ತಂಬಿಗೆ ತಂದು ಕೊಟ್ಟಳು. ಕುಡಿದು ಹೊರಟುಬಿಟ್ಟ.

"ಆ ಮನಿ ಮುಂದ ಏನಿತ್ತು?" ಅಂತ ಕೇಳಿದಳು ಅವ್ವ.

"ಬನ್ನಿ ಗಿಡ. ಬಾಜೂಕ ಬೀಸು ಕಲ್ಲು, ಒಡದದ್ದು."

ಅವ್ವ ತಲೆ ತಗ್ಗಿಸಿದಳು. ಅದು ಕಾಕಿ ಶಾಲುಬಾಯಿಯ ಮನೆ. ಜನ್ಮವಿಡೀ ನಿನಗೆ ಯಾರೂ ಇಲ್ಲ ಅಂತ ಹಂಗಿಸಿದವಳು ಬಾಗಿಲಿಗೆ ಬಂದವನನ್ನು ತಾನೇ ಹಿಂದೆ ಕಳಿಸಿದ್ದಳು. ಕೆಟ್ಟ ಬುದ್ಧಿಯಿಂದ ಅಲ್ಲ, ಅವಳಿಗೂ ಗೊತ್ತಿರಲಿಲ್ಲ. ನನಗೆ ಆ ಕ್ಷಣ ಅವಳ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ, ಅದು ಬೇರೆ ಮಾತು.

"ನೀರು ಕೊಟ್ಟಾಕಿ ನೀನ ಏನು?" ಅಂತ ಕೇಳಿದ ಮಚ್ಛೇಂದ್ರಮಾವ.

"ನೆನಪಿಲ್ಲ ಮಾವ," ಅಂದಳು ಅವ್ವ. "ಆದ್ರ ಆ ಮನ್ಯಾಗ ಬಂದವರಿಗೆ ನೀರು ಕೊಡಾಕಿ ನಾನ ಇದ್ದೆ. ಬ್ಯಾರೆ ಯಾರಿದ್ದರು?"

ಸುಭದ್ರಾಬಾಯಿ ಸಂಬಂಧ ಮುರಿಯಲಿಲ್ಲ. ಹೆಸರನ್ನೂ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ನಾನೇ ಹೇಳಿ ಕಳಿಸಿದೆ: ಬದಲಾಯಿಸಲೇಬೇಕು ಅಂದರೆ ನಾನು ಹೇಳಿದ ಹೆಸರು ಇಡಿ, ಇಲ್ಲವಾದರೆ ಇದ್ದದ್ದೇ ಇರಲಿ. ಅವರು ಹೆಸರು ಕೇಳಿದರು, ಆಗಲಿ ಅಂದರು.

ಮದುವೆಯ ದಿನ ಮಚ್ಛೇಂದ್ರಮಾವ ಬಿಳಿ ರುಮಾಲು ಸುತ್ತಿ, ನನ್ನ ಕೈ ಹಿಡಿದು ಮಂಟಪಕ್ಕೆ ಕರೆತಂದ. ಅವ್ವನಿಗೆ ತವರಿನ ಹಸಿರು ಸೀರೆ ಉಡಿಸಿದ. ಖಟಕ ಚಿಂಚೋಳಿಯಿಂದ ಕಾಕಿ ಬಂದಿದ್ದಳು, ಮೂಲೆಯಲ್ಲಿ ಕುಳಿತಿದ್ದಳು. ಕರೀಮ ಸಾಬರು ಅಪ್ಪನ ಪಕ್ಕ ಕುಳಿತಿದ್ದರು. ತಾಳಿ ಆಯಿತು. ಅಕ್ಕಿಯ ತಾಟು ತಂದರು. ಶಿವರಾಜ ಉಂಗುರದಿಂದ ಬರೆದರು. ಅತ್ತೆ ಹೊಸ ಹೆಸರಿನಿಂದ ಮೊದಲ ಸಲ ಗಟ್ಟಿಯಾಗಿ ಕರೆದರು.

"ಗೋದಾವರಿ, ಏಳವ್ವ, ದೇವರಿಗೆ ನಮಸ್ಕಾರ ಮಾಡು."

ಮಚ್ಛೇಂದ್ರಮಾವ ತಟ್ಟನೆ ಬಾಗಿಲ ಕಡೆ ತಿರುಗಿದ. ಅವ್ವನೂ ತಿರುಗಿದಳು. ಇಬ್ಬರೂ ಬಾಗಿಲನ್ನೇ ನೋಡುತ್ತ ನಿಂತುಬಿಟ್ಟರು. ಕರೆದದ್ದು ನನ್ನನ್ನೇ ಎಂದು ನನಗೆ ಗೊತ್ತಾಗಲಿಲ್ಲ, ನಾನು ಕುಳಿತೇ ಇದ್ದೆ. ಅತ್ತೆ ಇನ್ನೊಂದು ಸಲ ಕರೆಯಬೇಕಾಯಿತು.